ಬೆರಕೆ ಸೊಪ್ಪಿಗೆ ನಾನು ಹೇಳಿದ ಇಂಗ್ಲಿಷ್

ಟಕ್ ಟಕ್. ಒಂದು ಗಳಿಗೆ ಮೌನ. ಮತ್ತೆ ಟಕ್ ಟಕ್.

ಬೋರಲು ಹಾಕಿದ ಮಣ್ಣಿನ ಮಡಕೆಯ ಬೆನ್ನಿಗೆ ಬೆರಳಿನ ಗಿಣ್ಣಿನಿಂದ ತಟ್ಟುವ ಸದ್ದು ಅದು. ಐವತ್ತರ ದಶಕದ ಕೊನೆಯಲ್ಲಿ, ಹಾಸನದ ನಮ್ಮ ಕಾನ್ವೆಂಟಿನಲ್ಲಿ, ಪ್ರೇಯರ್ ಬೆಲ್ಲಿಗಿಂತ ಮೊದಲು ಕೇಳುತ್ತಿದ್ದ ಸದ್ದು. ಅಡುಗೆಮನೆಯ ಹಿಂದಿನ ಕೈತೋಟದಲ್ಲಿ ಇಪ್ಪತ್ತು ಮಡಕೆಗಳು ಸಾಲಾಗಿ ಬೋರಲು ಬಿದ್ದಿರುತ್ತಿದ್ದವು. ತೋಟದ ಕೆಲಸದ ತಾಯಮ್ಮ ಒಂದೊಂದರ ಮುಂದೆಯೂ ಕುಕ್ಕರಗಾಲಿನಲ್ಲಿ ಕೂತು, ಯಾರದೋ ಮನೆಯ ಕದ ತಟ್ಟುವಂತೆ ತಟ್ಟಿ, ಸ್ವಲ್ಪ ಕಾದು, ಆಮೇಲೆ ಎತ್ತುತ್ತಿದ್ದಳು.

"ಯಾಕೆ ತಟ್ಟೋದು ತಾಯಮ್ಮ?"

"ಒಳಗೆ ಚೇಳಿದ್ರೆ ಏಳ್‌ಬ್ಯಾಡ್ವಾ ಪುಟ್ಟವ್ವ, ಬತ್ತಾ ಇವ್ನಿ ಅಂತ. ಅದ್ರ ಮನೆಗೆ ನಾವು ಓಗೋದು. ಸುಮ್ನೆ ನುಗ್ಗಕಾಯ್ತದಾ?"

ಆ ಸದ್ದು ನನಗೆ ಹೋದ ವಾರ ಮತ್ತೆ ಕೇಳಿತು. ಕಾಫಿಪುಡಿ ಅಂಗಡಿಯಲ್ಲಿ. ಕೌಂಟರಿನ ಹುಡುಗಿ ಚಮಚದಿಂದ ಡಬ್ಬದ ಮೈಗೆ ಟಕ್ ಟಕ್ ಎಂದು ಬಡಿದು, ನನ್ನ ಮುಖವನ್ನೂ ನೋಡದೆ ಕೇಳಿದಳು.

"ಪ್ಯೂರಾ, ಬೆರಕೆನಾ ಆಂಟಿ?"

"ಬೆರಕೆ," ಎಂದೆ.

"ಚಿಕೋರಿ ಎಷ್ಟು ಪರ್ಸೆಂಟ್ ಹಾಕ್ಲಿ?"

ವರ್ಷಗಟ್ಟಲೆ ಅದೇ ಪುಡಿ ಕೊಂಡವಳು ನಾನು. ಅಳತೆ ಬಾಯಿಪಾಠವಿದೆ. ಆದರೂ ಡಬ್ಬವನ್ನೇ ನೋಡುತ್ತಾ ನಿಂತುಬಿಟ್ಟೆ. ಹಿಂದಿದ್ದ ಗಂಡಸು ತಮಾಷೆಗೆ ಅಂದ: "ಅಜ್ಜಿ, ಅವ್ಳು ಕೇಳ್ತಿರೋದು ಕಾಫಿಪುಡಿ ವಿಷ್ಯ. ಎಕ್ಸಾಮ್ ಅಲ್ಲ."

(ಎಕ್ಸಾಮೇ ಕಣಪ್ಪ. ಹತ್ತನೇ ವಯಸ್ಸಿನಲ್ಲಿ ನಾನು ಫೇಲಾದದ್ದು.)

ನಮ್ಮದು ಕಾಫಿಪುಡಿಯ ಮನೆ. ನಮ್ಮ ತಂದೆಯನ್ನು ನಾವು ಅಣ್ಣ ಎನ್ನುತ್ತಿದ್ದೆವು. ಹಾಸನದ ಪೇಟೆಯಲ್ಲಿ ಅವರ ಅಂಗಡಿ. ಅರಕಲಗೂಡು, ಚನ್ನರಾಯಪಟ್ಟಣದ ಹೋಟೆಲುಗಳಿಗೂ ಬಸ್ಸಿನ ಟಾಪಿನ ಮೇಲೆ ನಮ್ಮ ಡಬ್ಬಗಳು ಹೋಗುತ್ತಿದ್ದವು. ಅಂಗಡಿಯ ನೆತ್ತಿಯಲ್ಲಿ ಒಂದು ಹಸಿರು ಬೋರ್ಡು. ಮೇಲಿನ ಸಾಲು ಇಂಗ್ಲಿಷಿನಲ್ಲಿ: ಪ್ಯೂರ್ ಕಾಫಿ, ನೋ ಅಡಲ್ಟರೇಷನ್. ಕೆಳಗಿನ ಸಾಲು ಕನ್ನಡದಲ್ಲಿ: ಶುದ್ಧ ಕಾಫಿಪುಡಿ, ಬೆರಕೆ ಇಲ್ಲ.

ನಾನು ಅಕ್ಷರ ಕೂಡಿಸಿ ಓದಿದ ಮೊದಲ ವಾಕ್ಯಗಳು ಅವು. ಆ ಬೋರ್ಡೇ ನನ್ನ ಮೊದಲ ಡಿಕ್ಷನರಿ. ಬೆರಕೆ ಎಂದರೆ ಅಡಲ್ಟರೇಷನ್. ಅಡಲ್ಟರೇಷನ್ ಎಂದರೆ ಚಿಕೋರಿ. ಚಿಕೋರಿ ಎಂದರೆ ಮೋಸ. (ಅಣ್ಣನ ಪುಡಿಯಲ್ಲಿ ನಿಜಕ್ಕೂ ಚಿಕೋರಿ ಇರಲಿಲ್ಲವೇ ಎಂದು ಕೇಳಬೇಡಿ. ಮನೆತನದ ಪ್ರಶ್ನೆ.)

ಹಾಗಿರುವಾಗ ಒಂದು ಬೆಳಗ್ಗೆ ಕಾನ್ವೆಂಟಿನ ಕೈತೋಟದಲ್ಲಿ, ಒಂದು ಪಾತಿಯ ತಲೆಯಲ್ಲಿ ನೆಟ್ಟ ಮರದ ಪಟ್ಟಿಯ ಮೇಲೆ ಆ ಹೆಸರನ್ನು ಓದಿದೆ. ಚಿಕೋರಿ. ದೇವರ ಮನೆಯವರ ತೋಟದಲ್ಲಿ.

ತೋಟ ನೋಡಿಕೊಳ್ಳುತ್ತಿದ್ದವರು ಒಡೀಲ್ ಸಿಸ್ಟರ್. ಯುರೋಪಿನ ಯಾವುದೋ ಚಳಿನಾಡಿನಿಂದ ಬಂದು ಇಲ್ಲೇ ಮುದುಕಿಯಾದವರು. ಅವರ ಇಂಗ್ಲಿಷ್ ನಮ್ಮ ಇಂಗ್ಲಿಷಿಗಿಂತ ವಿಚಿತ್ರವಾಗಿತ್ತು. "ಸಿಸ್ಟರ್, ಇದು ಅಡಲ್ಟರೇಷನ್ ಅಲ್ಲವೇ?" ಎಂದು ಕೇಳಿದೆ. ಅವರು ನಕ್ಕರು. "ಇದು ಸೊಪ್ಪು, ಮೈ ಚೈಲ್ಡ್. ನಿನ್ನ ತಂದೆಗೆ ಇದರ ಬೇರು ಮಾತ್ರ ಗೊತ್ತು. ನಾನು ಇದರ ಮುಖವನ್ನೂ ನೋಡಿದ್ದೇನೆ."

ಇದರ ಬೀಜ ಹಡಗಿನಲ್ಲಿ ಬಂದದ್ದು. ಅವರ ಊರಿನಲ್ಲಾದರೆ ಚಿಕೋರಿಯನ್ನು ಯಾರೂ ಬಿತ್ತುವುದಿಲ್ಲವಂತೆ. ಗಾಡಿದಾರಿಯ ಅಂಚಿನಲ್ಲಿ, ಕಲ್ಲುಗಳ ನಡುವೆ ತಾನಾಗಿಯೇ ಏಳುತ್ತದೆ. ಆಕಾಶದ ಬಣ್ಣದ ಹೂವು. ಬೆಳಗ್ಗೆ ಅರಳಿ ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಚಳಿಗಾಲ ಮುಗಿಯುವಾಗ, ಮನೆಯಲ್ಲಿ ಬೇರೆ ತರಕಾರಿ ಇಲ್ಲದ ದಿನಗಳಲ್ಲಿ, ಅವರು ತಾಯಿಯ ಜೊತೆ ಹೋಗಿ ಅದರ ಎಳೆ ಎಲೆಗಳನ್ನು ಏಪ್ರನ್ನಿನಲ್ಲಿ ತುಂಬಿಕೊಂಡು ಬರುತ್ತಿದ್ದರಂತೆ. ಬಡವರ ಊಟ. ಬೇರು ಹುರಿದು ಪುಡಿ ಮಾಡಿದರೆ ಬಡವರ ಕಾಫಿ.

ಪಕ್ಕದ ಪಾತಿಯದು ಎಂಡೈವ್. (ಸಿಸ್ಟರ್ ಬಾಯಲ್ಲಿ ಅದು "ಆಂದೀವ್".) ಚಿಕೋರಿಯ ಕಸಿನ್. ಆದರೆ ಇದು ಮನೆಯಲ್ಲೇ ಬೆಳೆದ ಮಗು. ಗುಂಗುರು ಕೂದಲಿನಂಥ ಎಲೆ, ನೆಲಕ್ಕೆ ಒರಗಿದ ಮೈ. ದಾರಿ ಬದಿಯಲ್ಲಿ ಬಿಟ್ಟರೆ ಬದುಕದು. ಕಹಿ ಮಾತ್ರ ಇಬ್ಬರಿಗೂ ಸಮ.

ಆ ಕಹಿ ತೆಗೆಯುವುದಕ್ಕೇ ಮಡಕೆ. ಗಿಡ ಬಲಿತ ಮೇಲೆ ಎಲೆಗಳನ್ನು ಒಟ್ಟಿಗೆ ಹಿಡಿದು ಬಾಳೆನಾರಿನಿಂದ ಕಟ್ಟಿ, ಮೇಲೆ ಮಡಕೆ ಕವುಚಬೇಕು. ಹತ್ತು ಹನ್ನೆರಡು ದಿನ ಬಿಸಿಲು ಕಾಣಬಾರದು. ಎತ್ತಿದಾಗ ಹಸಿರೆಲ್ಲ ಇಳಿದು ಒಳಗಿನ ಎಲೆ ದಂತದ ಬಣ್ಣಕ್ಕೆ ತಿರುಗಿರುತ್ತದೆ. ಕಹಿಯೂ ಮೆತ್ತಗಾಗಿರುತ್ತದೆ. ತಡ ಮಾಡಿದರೆ ಕೊಳೆಯುತ್ತದೆ.

ಸಿಸ್ಟರಿಗೆ ಬರುತ್ತಿದ್ದ ಕನ್ನಡ ನಾಲ್ಕು ಪದ. ಬಾ, ಹೋಗು, ನೀರು, ಸಾಕು. ತಾಯಮ್ಮನಿಗೆ ಬರುತ್ತಿದ್ದ ಇಂಗ್ಲಿಷ್ ಒಂದು ಪದ. "ಸಿಸ್ಟ್ರಮ್ಮ." ಹಾಗಾಗಿ ನಡುವೆ ನಾನು, ಇಂಟರ್‌ಪ್ರಿಟರ್. ರೆಸಿಟೇಷನ್ನಿನಲ್ಲಿ ಕಪ್ ಗೆದ್ದವಳು. ತರಗತಿಯಲ್ಲಿ ನನ್ನ ಪ್ರೊನನ್ಸಿಯೇಷನ್ ಎಲ್ಲರಿಗಿಂತ ಚೊಕ್ಕ.

ತಾಯಮ್ಮ ಕೊರವಂಗಲದ ದಾರಿಯಲ್ಲಿದ್ದ ಒಂದು ಹಳ್ಳಿಯ ಕೇರಿಯವಳು. ಗಂಡ ಇರಲಿಲ್ಲ. ಆರು ವರ್ಷದ ಮಗಳು ಸಾಕಮ್ಮನನ್ನು ಜೊತೆಗೇ ಕರೆತಂದು ಪಾತಿಯ ಬದಿಯಲ್ಲಿ ಕೂರಿಸುತ್ತಿದ್ದಳು. ಮೊದಲ ಸಲ ಚಿಕೋರಿ ಎಲೆಯನ್ನು ಮುರಿದು, ಒಸರಿದ ಬಿಳಿ ಹಾಲನ್ನು ನೋಡಿ, ಬಾಯಿಗೆ ಹಾಕಿಕೊಂಡು ತಾಯಮ್ಮ ಅಂದದ್ದು ಇನ್ನೂ ಕಿವಿಯಲ್ಲಿದೆ.

"ಇದಾ? ಇದಕ್ಕಾ ಬೀಜವ ಅಡಗಿನಾಗೆ ತರಿಸ್ಕಂಡಿರೋದು? ಇದ್ರ ದಾಯಾದಿಗಳು ನಮ್ಮ ರಾಗಿ ಒಲ್ದಾಗೆ ಬ್ಯಾಡ ಬ್ಯಾಡ ಅಂದ್ರೂ ಸೀರೆ ಸೆರಗು ಇಡ್ಕಂಡು ಎಳೀತಾವೆ ಕಣವ್ವ."

ಇದನ್ನು ನಾನು ಸರಿಯಾಗಿಯೇ ಹೇಳಿದೆ. ಸಿಸ್ಟರ್ ಕಣ್ಣೀರು ಬರುವಷ್ಟು ನಕ್ಕರು. ಆದರೆ ಮಡಕೆಯ ವಿಷಯಕ್ಕೆ ತಾಯಮ್ಮ ಅಂದದ್ದು ಬೇರೆ.

"ಕಯಿ ಬ್ಯಾಡ ಅನ್ನೋರು ಕಯಿ ಸೊಪ್ಪು ಯಾಕೆ ಬೆಳೀಬೇಕು? ಗಾಳಿ ಬಿಸ್ಲು ತಾಕ್ದಂಗೆ ಮುಚ್ಚಾಕಿ, ಬೆಳ್ಳಗಾಯ್ತು ಅಂತ ಕುಣಿಯೋದಾ? ಅದು ಬೆಳ್ಳಗಾಗಿರೋದಲ್ಲ, ಎದ್ರುಕಂಡಿರೋದು."

"ವಾಟ್ ಡಸ್ ಶಿ ಸೇ?" ಎಂದರು ಸಿಸ್ಟರ್.

"ಶಿ ಸೇಸ್ ವೆರಿ ನೈಸ್, ಸಿಸ್ಟರ್."

ನನ್ನ ತರ್ಜುಮೆಯ ಮಟ್ಟ ಇದು. ಆಗಲೇ ಯಾರಾದರೂ ಕಿವಿ ಹಿಂಡಬೇಕಿತ್ತು.

ಆ ಇಬ್ಬರು ಹೆಂಗಸರಿಗೆ ನನ್ನ ಹಂಗು ಅಷ್ಟೇನೂ ಬೇಕಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಎಂಡೈವಿನ ಹೊರಗಿನ ಒರಟು ಎಲೆಗಳನ್ನು ಕಾನ್ವೆಂಟಿನಲ್ಲಿ ಎಸೆಯುತ್ತಿದ್ದರು. ಪಾತಿಗಳ ನಡುವೆ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು ತಾವಾಗಿಯೇ ಹುಟ್ಟುತ್ತಿದ್ದವು. ಕಳೆ. ತಾಯಮ್ಮ ಅವನ್ನು ತೋರಿಸಿ, ತನ್ನ ಮಡಿಲು ತೋರಿಸಿದಳು. ಸಿಸ್ಟರ್ ತಲೆಯಾಡಿಸಿ, ಎರಡು ಹಿಡಿ ಚಿಕೋರಿ ಎಲೆಯನ್ನೂ ತಾವೇ ಕಿತ್ತು ಮಡಿಲಿಗೆ ಹಾಕಿದರು. ಅಂದಿನಿಂದ ಸಂಜೆ ಮನೆಗೆ ಹೋಗುವಾಗ ಅವಳ ಮಡಿಲು ತುಂಬಿರುತ್ತಿತ್ತು. ಮಾತಿಲ್ಲದ ಒಪ್ಪಂದ. ನನಗೆ ಆಗ ಅದು ಗೊತ್ತೂ ಇರಲಿಲ್ಲ, ಆಮೇಲೆ ಕೇಳಿ ತಿಳಿದದ್ದು.

ಇನ್ನೊಂದು ಒಪ್ಪಂದ ನನ್ನ ಮೂಲಕವೇ ಆಗಿತ್ತು. ಜೂನ್‌ನಲ್ಲಿ ಸಾಕಮ್ಮನನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುತ್ತೇನೆಂದು ಸಿಸ್ಟರ್ ಹೇಳಿದ್ದರು. ಒಂದು ಸ್ಲೇಟನ್ನೂ ಕೊಟ್ಟಿದ್ದರು. ತಾಯಮ್ಮ ಅದನ್ನು ಎರಡು ಸಲ ನನ್ನ ಬಾಯಿಂದ ಹೇಳಿಸಿದಳು. "ಇನ್ನೊಂದ್ ಕಿತ ಕೇಳಿ ಪುಟ್ಟವ್ವ. ಕಸ ಗುಡ್ಸಕಲ್ಲ ತಾನೆ, ಓದಕೇ ತಾನೆ?"

ಓದಕ್ಕೇ, ಎಂದು ಹೇಳಿದ್ದೆ.

ಮಾರ್ಚಿನಲ್ಲಿ ಸಿಸ್ಟರ್ ಕಣ್ಣಿನ ಆಪರೇಷನ್ನಿಗೆ ಮೈಸೂರಿಗೆ ಹೋದರು. ತೋಟದ ಉಸ್ತುವಾರಿ ಹೊಸ ಮದರ್ ಸುಪೀರಿಯರ್ ಕೈಗೆ ಬಂತು. ಅವರು ಆ ವರ್ಷ ಬಂದವರು, ಕನ್ನಡ ಬಾರದು, ಶಿಸ್ತು ಜಾಸ್ತಿ. ಅದೇ ವಾರ ಬೇರಿಗೆಂದು ಬಿಟ್ಟಿದ್ದ ಚಿಕೋರಿ ಸಾಲಿನಲ್ಲಿ ಏಳೆಂಟು ಗಿಡ ಬುಡ ಸಮೇತ ಮಾಯವಾದವು. ಕಾಫಿಪುಡಿಯವರು ಚಿಕೋರಿ ಬೇರಿಗೆ ಬಾಯಿ ಬಿಡುತ್ತಾರೆ ಎಂದು ಅಡುಗೆಮನೆಯಿಂದ ಯಾರೋ ಮದರ್ ಕಿವಿಗೆ ಹಾಕಿದರು.

ಆ ಸಂಜೆ ಗೇಟಿನ ಹತ್ತಿರ ಮದರ್ ತಾಯಮ್ಮನನ್ನು ನಿಲ್ಲಿಸಿದರು. ಮನೆಗೆ ಹೊರಟಿದ್ದ ನನ್ನನ್ನು ಕರೆದರು. ಮಡಿಲಲ್ಲಿ ಏನಿದೆ, ಯಾತಕ್ಕೆ ಒಯ್ಯುತ್ತಿದ್ದಾಳೆ, ಕೇಳು, ಎಂದರು.

ಕೇಳಿದೆ. ತಾಯಮ್ಮ ಸಲೀಸಾಗಿ ಮಡಿಲು ಬಿಚ್ಚಿ ತೋರಿಸಿದಳು. "ಬೆರಕೆ ಕಣವ್ವ. ಬೆರಕೆಗೆ ಅಂತ ತಕ್ಕಂಡೋಯ್ತಾ ಇವ್ನಿ. ಸಿಸ್ಟ್ರಮ್ಮೋರು ಒಪ್ಕಂಡವ್ರೆ."

ಬೆರಕೆ. ನಾನು ಆ ಮಾತನ್ನು ಒಂದೇ ಒಂದು ಕಡೆ ಓದಿದ್ದೆ. ಅದರ ಮೇಲಿನ ಸಾಲು ನನಗೆ ಬಾಯಿಪಾಠ.

"ಅಡಲ್ಟರೇಷನ್, ಮದರ್. ಶಿ ಸೇಸ್ ಇಟ್ ಈಸ್ ಫಾರ್ ಅಡಲ್ಟರೇಷನ್."

ಎಂಥಾ ಉದ್ದದ ಪದ. ಎಲ್ಲೂ ಎಡವದೆ ಹೇಳಿದೆ. ಮದರ್ ಮುಖ ಬಿಗಿಯಿತು. ಕಾಫಿಗೋ ಎಂದು ಕೇಳಿದರು. ಎಸ್ ಮದರ್, ಚಿಕೋರಿ ಕಾಫಿಗೇ ಹಾಕೋದು, ಎಂದೆ. ಸಿಸ್ಟರ್ ಒಪ್ಪಿದ್ದಾರೆ ಎಂಬ ಮಾತನ್ನು ನಾನು ಹೇಳಿದೆನೋ ಇಲ್ಲವೋ. ಹೇಳಲಿಲ್ಲ. ಉದ್ದದ ಪದದ ಖುಷಿಯಲ್ಲಿ ಅದು ಬಿದ್ದುಹೋಯಿತು.

"ಗುಡ್ ಗರ್ಲ್," ಎಂದರು ಮದರ್. "ನಾಳೆಯಿಂದ ಬರುವುದು ಬೇಡ ಅಂತ ಅವಳಿಗೆ ಹೇಳು."

ಅದನ್ನು ಸರಿಯಾಗಿ ಹೇಳಿದೆ. ಒಂದಕ್ಷರ ತಪ್ಪಿಲ್ಲದೆ.

"ಯಾಕಂತೆ?" ಎಂದಳು ತಾಯಮ್ಮ.

"ಗೊತ್ತಿಲ್ಲ."

ಅವಳು ಮಡಿಲಿನ ಸೊಪ್ಪನ್ನು ಗೇಟಿನ ಕಲ್ಲಿನ ಮೇಲೆ ಸುರಿದು, ಸೆರಗು ಕೊಡವಿದಳು. ಸಾಕಮ್ಮ ತನ್ನ ಸ್ಲೇಟನ್ನು ಮದರ್ ಕಡೆಗೆ ಚಾಚಿ, "ಇದ್ನೂ ಕೊಡಬೇಕಾ?" ಎಂದು ಕೇಳಿತು. ಮದರ್ ನನ್ನತ್ತ ನೋಡಿದರು. ನಾನು ತರ್ಜುಮೆ ಮಾಡಲಿಲ್ಲ.

ಆವತ್ತು ಊಟಕ್ಕೆ ಕೂತಾಗ ನಾನೇ ಹೆಮ್ಮೆಯಿಂದ ಸುದ್ದಿ ತೆಗೆದೆ. ನಮ್ಮ ಕಾನ್ವೆಂಟಿನಲ್ಲಿ ಬೆರಕೆ ಮಾಡುವವಳನ್ನು ಹಿಡಿದೆವು, ಅವಳ ಮಡಿಲ ತುಂಬ ಸೊಪ್ಪಿತ್ತು, ಬೆರಕೆಗೆ ಅಂತ ಅವಳೇ ಹೇಳಿದಳು ಎಂದೆ. ಅಣ್ಣ ತಲೆಯೆತ್ತಿದರು. ಅಮ್ಮ ಮಾತ್ರ ಸೌಟು ಹಿಡಿದುಕೊಂಡೇ ನಕ್ಕುಬಿಟ್ಟಳು.

"ಬೆರಕೆ ಸೊಪ್ಪಾ? ಅಯ್ಯೋ ಪೆದ್ದಿ. ಬದುವಿನ ಮೇಲೆ ಸಿಕ್ಕಿದ ನಾಲ್ಕಾರು ತರದ ಸೊಪ್ಪು ಒಟ್ಟಿಗೆ ಸೇರಿಸಿದರೆ ಬೆರಕೆ ಸೊಪ್ಪು. ಚನ್ನರಾಯಪಟ್ಟಣದಲ್ಲಿ ನಮ್ಮಜ್ಜಿ ಅದರಲ್ಲಿ ಬಸ್ಸಾರು ಮಾಡಿದರೆ ಮೂರು ಬೀದಿಗೆ ಘಮ. ಒಂದೇ ಸೊಪ್ಪಿಗೆ ಆ ರುಚಿ ಎಲ್ಲಿಂದ ಬರತ್ತೆ? ಬೆರಕೆ ಆದರೇ ಚೆನ್ನ."

ಬೆರಕೆ ಆದರೇ ಚೆನ್ನ. ನಮ್ಮ ಬೋರ್ಡಿನ ಕೆಳಗೇ ಹುಟ್ಟಿ ಬೆಳೆದವಳಿಗೆ ಈ ಅರ್ಥ ಯಾರೂ ಹೇಳಿರಲಿಲ್ಲ. ಪೇಟೆಯವರು ನಾವು, ಕಟ್ಟು ಕಟ್ಟಿದ ದಂಟು, ಮೆಂತ್ಯ ಕೊಳ್ಳುವವರು.

ಅಣ್ಣ ಕೈ ತೊಳೆದು ಬಂದು ಒಂದೇ ಮಾತು ಅಂದರು. "ಬೆಳಗ್ಗೆ ಹೋದ ತಕ್ಷಣ ಮದರ್‌ಗೆ ಹೇಳಿಬಿಡು, ನನ್ನ ಇಂಗ್ಲಿಷ್ ತಪ್ಪಾಯ್ತು ಅಂತ."

ಹೂಂ, ಎಂದೆ.

ಬೆಳಗ್ಗೆ ಹೋದೆ. ಯಾರೋ ದೊಡ್ಡವರು ಶಾಲೆ ನೋಡಲು ಬಂದಿದ್ದರು. ಮದರ್ ನನ್ನ ಭುಜದ ಮೇಲೆ ಕೈಯಿಟ್ಟು, ಇವಳು ನಮ್ಮ ಲಿಟಲ್ ಇಂಟರ್‌ಪ್ರಿಟರ್, ಇವಳ ಇಂಗ್ಲಿಷ್ ಕೇಳಿ, ಎಂದರು. ಅಂಥ ಹೊತ್ತಿನಲ್ಲಿ ನನ್ನ ಇಂಗ್ಲಿಷ್ ತಪ್ಪು ಎನ್ನುವುದು ಹೇಗೆ? ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಭಾನುವಾರ. ಆಮೇಲೆ ಪರೀಕ್ಷೆ. ನಿಮಗೆ ಗೊತ್ತಲ್ಲ, ಇಂಥ ಮಾತಿಗೆ ಒಂದು ದಿನ ಕಳೆದರೆ ಅದರ ಭಾರ ಎರಡರಷ್ಟಾಗುತ್ತದೆ.

ಹೊಸ ತೋಟದವನು ಬಂದ ಮೇಲೂ ಬೇರುಗಳು ಮಾಯವಾಗುತ್ತಲೇ ಇದ್ದವು. ಒಂದು ದಿನ ಗೋಡೆಯ ಬುಡದಲ್ಲಿ ಹೆಗ್ಗಣದ ಬಿಲ ಸಿಕ್ಕಿತು. ಒಳಗೆ ಅರೆ ಕಚ್ಚಿದ ಚಿಕೋರಿ ಬೇರುಗಳ ಉಗ್ರಾಣ. ಸರಿ, ಇನ್ನು ತಾಯಮ್ಮನನ್ನು ಕರೆಸುತ್ತಾರೆ, ನಾನು ಬಾಯಿ ತೆರೆಯುವುದೇ ಬೇಡ ಎಂದು ನಿಟ್ಟುಸಿರು ಬಿಟ್ಟೆ. ಮದರ್ ಮಾತ್ರ ತಲೆಯಲ್ಲಾಡಿಸಿದರು. ಬೇರು ಹೆಗ್ಗಣ ತಿಂದಿರಬಹುದು. ಆದರೆ ಆ ಹೆಂಗಸು ತಾನೇ ಒಪ್ಪಿಕೊಂಡಳಲ್ಲ, ಎಂದರು.

ಒಪ್ಪಿಕೊಂಡದ್ದು ಯಾವುದನ್ನು? ನನ್ನ ಡಿಕ್ಷನರಿಯ ಒಂದು ಪದವನ್ನು.

ಒಡೀಲ್ ಸಿಸ್ಟರ್ ಕಪ್ಪು ಕನ್ನಡಕ ಹಾಕಿಕೊಂಡು ವಾಪಸಾದರು. ನೇರ ಕೈತೋಟಕ್ಕೆ ಬಂದರು. ಮಡಕೆಗಳನ್ನು ಎತ್ತಬೇಕೆಂದು ಹೊಸ ತೋಟದವನಿಗೆ ಯಾರೂ ಹೇಳಿರಲಿಲ್ಲ. ಒಂದನ್ನು ಎತ್ತಿದರು. ತಟ್ಟಲಿಲ್ಲ, ಸುಮ್ಮನೆ ಎತ್ತಿದರು. ಕೆಳಗಿನ ಎಂಡೈವ್ ಕಂದು ಲೋಳೆಯಾಗಿತ್ತು. ಆ ನಾತ ಈಗಲೂ ಮೂಗಿನಲ್ಲಿದೆ.

"ನೀನು ಅಲ್ಲಿದ್ದೆಯಲ್ಲ," ಎಂದರು. "ತಾಯಮ್ಮ ನಿಜವಾಗಿ ಏನಂದಳು? ಅವಳ ಮಾತನ್ನೇ ಹೇಳು."

ಮಡಕೆ ಎತ್ತುವಷ್ಟೇ ಸುಲಭದ ಅವಕಾಶ. ಆ ಒಂದು ಮಾತು ಎತ್ತಿದರೆ ಮುಗಿಯಿತು.

"ನೆನಪಿಲ್ಲ, ಸಿಸ್ಟರ್."

ನೂರು ಸಾಲು ಒಂದೇ ಉಸಿರಿಗೆ ಒಪ್ಪಿಸಿ ಕಪ್ ಗೆದ್ದ ಹುಡುಗಿಗೆ ನೆನಪಿಲ್ಲ. ಕಪ್ಪು ಗಾಜಿನ ಹಿಂದಿನ ಸಿಸ್ಟರ್ ಕಣ್ಣು ಕಾಣಲಿಲ್ಲ. ಆಮೇಲೆ ಅವರು ನನ್ನನ್ನು ತರ್ಜುಮೆಗೆ ಕರೆಯಲಿಲ್ಲ. ಮಡಕೆಗಳನ್ನು ಅಡುಗೆಮನೆಗೆ ಕೊಟ್ಟುಬಿಟ್ಟರು. ಉಳಿದ ಚಿಕೋರಿಯನ್ನು ಕೀಳದೆ ಹಾಗೇ ಬಿಟ್ಟರು. ಅದು ನನ್ನ ಎದೆಯೆತ್ತರಕ್ಕೆ ಎದ್ದು ನೀಲಿ ಹೂ ಬಿಟ್ಟಿತು. ಬೆಳಗ್ಗೆ ಬೆಲ್ಲಿಗೆ ಮುಂಚೆ ಹೋದರೆ ಅರಳಿರುತ್ತಿತ್ತು. ಮನೆಗೆ ಹೊರಡುವ ಹೊತ್ತಿಗೆ ಮುಚ್ಚಿಕೊಂಡಿರುತ್ತಿತ್ತು. ಮರುವರ್ಷ ಸಿಸ್ಟರ್ ತಮ್ಮ ದೇಶಕ್ಕೆ ಹೋದರು.

ತಾಯಮ್ಮನನ್ನು ಹುಡುಕಿಸಲು ಸಿಸ್ಟರ್ ಆಳು ಕಳಿಸಿದ್ದರಂತೆ. ಅವಳು ಮಗಳನ್ನು ಕರೆದುಕೊಂಡು ಹೊಳೆನರಸೀಪುರದ ಕಡೆ ತನ್ನ ಅಣ್ಣನ ಊರಿಗೆ ಹೋಗಿಬಿಟ್ಟಿದ್ದಳು.

ಕಾನ್ವೆಂಟ್ ಶಿಕ್ಷಣ ಎಂದರೆ ನಮ್ಮನ್ನು ಮಡಕೆಯ ಕೆಳಗಿಟ್ಟು ಬೆಳ್ಳಗೆ ಮಾಡಿದ್ದು ಎಂದು ಬರೆದರೆ ಪತ್ರಿಕೆಯ ಈ ನನ್ನ ಕಾಲಂ ಚೆಂದ ಕಾಣುತ್ತದೆ. ನಾಲ್ಕು ಜನ ಫೋನ್ ಮಾಡಿ ಶಹಬಾಸ್ ಎನ್ನುತ್ತಾರೆ. ಆದರೆ ಅದು ಸುಳ್ಳು. ಒಡೀಲ್ ಸಿಸ್ಟರ್ ನನಗೆ ನೀಲಿ ಹೂ ತೋರಿಸಿದವರು, ನಿಜ ಹೇಳು ಎಂದು ಕೇಳಿದವರು. ಆ ಮಡಕೆಯನ್ನು ನನ್ನ ತಲೆಯ ಮೇಲೆ ಕವುಚಿಕೊಂಡವಳು ನಾನೇ. ಒಳಗೆ ತಂಪಾಗಿತ್ತು. ಕಹಿ ಇರಲಿಲ್ಲ.

ಈಗ ಎಲ್ಲ ಅದಲುಬದಲು. ನನ್ನ ತಂಗಿಯ ಮೊಮ್ಮಗಳು ಚಿಕೋರಿ ಹೊಟ್ಟೆಗೆ ಒಳ್ಳೆಯದೆಂದು ಕಾಫಿಯನ್ನೇ ಬಿಟ್ಟು ಬರೀ ಚಿಕೋರಿ ಕುಡಿಯುತ್ತಾಳೆ. ಸೂಪರ್ ಮಾರ್ಕೆಟ್ಟಿನ ತಣ್ಣನೆಯ ಶೆಲ್ಫಿನಲ್ಲಿ ಬೆರಕೆ ಸೊಪ್ಪಿಗೆ ಪ್ಲಾಸ್ಟಿಕ್ ಡಬ್ಬ, ಅದರ ಮೇಲೆ ಇಂಗ್ಲಿಷ್ ಹೆಸರು. ಆ ಹೆಸರನ್ನು ಬರೆದವರು ನನಗಿಂತ ಒಳ್ಳೆಯ ಇಂಟರ್‌ಪ್ರಿಟರ್ ಇರಬೇಕು.

ತಾಯಮ್ಮನನ್ನು ಕೊನೆಯ ಸಲ ಕಂಡದ್ದು ಅರವತ್ತರ ದಶಕದ ನಡುವಿನಲ್ಲಿ. ನಾನು ಮೈಸೂರಿನ ಕಾಲೇಜಿಗೆ ಹೊರಟಿದ್ದೆ. ಬಸ್ಸು ಹೊಳೆನರಸೀಪುರದ ಸ್ಟ್ಯಾಂಡಿನಲ್ಲಿ ನಿಂತಿತ್ತು. ನನ್ನ ಕಿಟಕಿಯ ಕೆಳಗೆ ಬಸ್ಸಿನ ತಗಡಿಗೆ ಯಾರೋ ತಟ್ಟಿದರು. ಟಕ್ ಟಕ್.

"ಪುಟ್ಟವ್ವ ಅಲ್ವಾ? ಕಾಫಿಪುಡಿಯೋರು?"

ತಲೆಯ ಮೇಲೆ ಸೊಪ್ಪಿನ ಮಂಕರಿ. ಕೂದಲು ಅರ್ಧ ನೆರೆತಿತ್ತು. ಸಾಕಮ್ಮ ಹೇಗಿದ್ದಾಳೆ ಎಂದು ಕೇಳಿದೆ, ಕೇಳಬಾರದು ಎಂದುಕೊಂಡೇ.

"ಅವ್ಳಾ? ಗದ್ದೆ ನಾಟಿಗೋಯ್ತಾಳೆ. ಇಲ್ಲಿ ಸ್ಕೂಲಿಗೆ ಸೇರ್ಸಕೆ ಓದ್ರೆ ಗೇಟ್ ತಾವನೇ ನಿಂತ್ಬುಡೋಳು. ಬೈದ್ರೂ ಒಳೀಕೆ ಓಗ್ಲಿಲ್ಲ. ನಿಮ್ಮಂಗೆ ಇಂಗ್ಲೀಸು ಕಲೀಲಿ ಅಂತಿದ್ದೆ, ಎಲ್ಲಾಯ್ತು ಬುಡಿ." ಮಂಕರಿಯನ್ನು ಸೊಂಟಕ್ಕೆ ಇಳಿಸಿಕೊಂಡಳು. "ಸಿಸ್ಟ್ರಮ್ಮ ಎಂಗವ್ರೆ?"

"ಅವರ ಊರಿಗೆ ಹೋದರು."

ಡ್ರೈವರ್ ಬಂದು ಕೂತ. ತಾಯಮ್ಮ ಕಿಟಕಿಯ ಸರಳು ಹಿಡಿದುಕೊಂಡಳು.

"ಒಂದ್ ಮಾತು ಕೇಳ್ಬೇಕು ಅಂತಲೇ ಇದ್ದೆ ಕಣವ್ವ. ಆವತ್ತು ಗೇಟ್ ತಾವ ನಾನು ಬೆರಕೆ ಅಂದ್ನಲ್ಲ. ಅದುನ್ನ ನೀವು ಇಂಗ್ಲೀಸ್‌ನಾಗೆ ಏನಂದ್ರಿ?"

ಏಳೆಂಟು ವರ್ಷ ಅವಳು ಆ ಪ್ರಶ್ನೆಯನ್ನು ಇಟ್ಟುಕೊಂಡಿದ್ದಳು. ನಾನು ಉತ್ತರವನ್ನು ಇಟ್ಟುಕೊಂಡಿದ್ದೆ. ನಡುವೆ ಒಂದು ಕಿಟಕಿಯ ಸರಳು. ಕಂಡಕ್ಟರ್ ವಿಷಲ್ ಊದಿದ.

"ಸೊಪ್ಪು ಅಂದೆ ತಾಯಮ್ಮ. ಸೊಪ್ಪು ಅಂತಲೇ ಅಂದೆ."

ಅವಳ ಮುಖ ಸಡಿಲವಾಯಿತು.

"ಅಂಗಾರೆ ಗೇಟ್ ತಾವಿದ್ದ ದೊಡ್ಡಮ್ಮೋರ್ಗೇ ತಿಳೀನಿಲ್ಲ ಬುಡಿ. ನಾನು ಇಷ್ಟ್ ದಿನ ನಿಮ್ಮ ಮ್ಯಾಲೆ ಅನುಮಾನ ಮಡಿಕ್ಕಂಡಿದ್ದೆ. ತಪ್ಪಾಯ್ತು ಕಣವ್ವ."

ಬಸ್ಸು ಅಲುಗಿತು. ಅವಳು ಮಂಕರಿಯಿಂದ ಎರಡು ಹಿಡಿ ಬೆರಕೆ ಸೊಪ್ಪು ತೆಗೆದು ಸರಳಿನ ನಡುವಿನಿಂದ ನನ್ನ ಮಡಿಲಿಗೆ ತುರುಕಿದಳು. ಮೈಸೂರಿನವರೆಗೂ ಅದು ನನ್ನ ಮಡಿಲಲ್ಲೇ ಬಾಡುತ್ತಾ ಬಂತು.

ಕೌಂಟರಿನ ಹುಡುಗಿ ಕೇಳಿದ್ದು ಸರಿಯಾಗಿಯೇ ಇದೆ: ಸೊಪ್ಪು ಅಂತಲೇ ಅಂದೆ ಎಂಬ ನನ್ನ ಆ ಕೊನೆಯ ಮಾತಿನಲ್ಲಿ ಬೆರಕೆ ಎಷ್ಟು ಪರ್ಸೆಂಟ್?